ಒಂದು ಕಲ್ಲು, ಒಂದು ಅಡಿ, ಒಂದು ಸೆಂಟಿಮೀಟರ್

ಕಾಸರಗೋಡಿನ ಕಡೆ ಮನೆ ಕಟ್ಟಿಸುವವರ ಅಂಗಳಕ್ಕೆ ಬಂದು ನಿಲ್ಲುವುದು ಕೆಂಪುಕಲ್ಲಿನ ಲಾರಿ. ನಮ್ಮಲ್ಲಿಗೂ ಬಂತು. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುತ್ತಿರುವ ಅಣ್ಣನ ಮಗಳು ರಜೆಯಲ್ಲಿ ಬಂದವಳು ಜಗಲಿಯಲ್ಲಿ ಕೂತು ಎಸ್ಟಿಮೇಟ್ ಹಾಕತೊಡಗಿದಳು. ಒಂದು ಕಲ್ಲು 39 ಸೆಂಟಿಮೀಟರ್ ಉದ್ದ, 19 ಅಗಲ, 19 ಎತ್ತರ. ಸುತ್ತಲಿನ ಗಾರೆಯೂ ಸೇರಿದರೆ 40, 20, 20. ಒಂದು ಘನಮೀಟರ್ ಗೋಡೆಗೆ ಅರವತ್ತೆರಡೂವರೆ ಕಲ್ಲು. ಸಾವಿರ ಚದರಡಿಯ ಮನೆ. ಬಾಗಿಲು ಕಿಟಕಿ ಕಳೆದು 30 ಘನಮೀಟರ್ ಗೋಡೆ. ಒಟ್ಟು 1,875 ಕಲ್ಲು.

ಇಷ್ಟೇನಾ ಅನ್ನಿಸಿತು ನನಗೆ. ಅವಳು ನಿಲ್ಲಿಸಲಿಲ್ಲ. ಒಂದು ಕಲ್ಲಿಗೆ ಸುಮಾರು 28 ಕಿಲೊ. ಗೋಡೆಯ ಕಲ್ಲೇ ಐವತ್ತೆರಡೂವರೆ ಟನ್. ಆದರೆ ಕಲ್ಲನ್ನು ಒಂದು ಸಲ ಎತ್ತಿದರೆ ಮುಗಿಯುವುದಿಲ್ಲವಲ್ಲ. ಕೋರೆಯಿಂದ ಲಾರಿಗೆ, ಲಾರಿಯಿಂದ ಅಂಗಳಕ್ಕೆ, ಅಂಗಳದಿಂದ ಗೋಡೆಯ ಬುಡಕ್ಕೆ, ಬುಡದಿಂದ ವರಸೆಯ ಮೇಲಕ್ಕೆ. ನಾಲ್ಕು ಸಲ ಕೈಬದಲು ಅಂದರೆ 210 ಟನ್. ನಾಲ್ಕು ಟನ್ನಿನ ಆನೆಗಳಾದರೆ 52. ಒಂದು ಸಣ್ಣ ಮನೆಯ ಗೋಡೆ ಏಳಬೇಕಾದರೆ ಯಾರದೋ ಸೊಂಟ ಇಷ್ಟು ಆನೆಗಳನ್ನು ಎತ್ತಿ ಇಳಿಸಿರುತ್ತದೆ. ಲಾರಿಯನ್ನು ಎಲ್ಲಿ ನಿಲ್ಲಿಸಬೇಕು, ಕಲ್ಲನ್ನು ಎಲ್ಲಿ ಪೇರಿಸಬೇಕು ಎಂಬುದಕ್ಕೆ ಅವಳ ಪಠ್ಯದಲ್ಲಿ ಒಂದು ಪಾಠವೇ ಇದೆಯಂತೆ. ನಾಲ್ಕರಲ್ಲಿ ಒಂದು ಕೈಬದಲು ಉಳಿಸಿದರೆ 13 ಆನೆ ಕಮ್ಮಿ. ಆ ಪಾಠದ ಮೇಲೆ ನನಗೆ ಗೌರವ ಹುಟ್ಟಿತು.

ಕಟ್ಟುವುದು ಹಾಗಿರಲಿ, ಕೊರೆಯುವುದನ್ನು ನೋಡಿ. ಇದೇ ಕೆಂಪುಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ತೋಡಿದ ಸುರಂಗಗಳು ನಮ್ಮ ಜಿಲ್ಲೆಯಲ್ಲೂ ಗಡಿಯಾಚೆಯ ದಕ್ಷಿಣ ಕನ್ನಡದಲ್ಲೂ ಇವೆ. ಎರಡಡಿ ಅಗಲ, ಆರಡಿ ಎತ್ತರ ಎಂದಿಟ್ಟುಕೊಂಡರೆ ಒಂದಡಿ ಮುಂದೆ ಹೋಗಲು 12 ಘನ ಅಡಿ, ಅಂದರೆ 680 ಕಿಲೊದಷ್ಟು ಮಣ್ಣುಕಲ್ಲು. ನೂರಡಿಗೆ 68 ಟನ್. ನಮ್ಮ ಮನೆಯ ಗೋಡೆಗಿಂತ ಹೆಚ್ಚು! ಹೆಡಿಗೆಯೊಂದಕ್ಕೆ 28 ಕಿಲೊ ತುಂಬಿಸಿದರೆ 2,400ಕ್ಕೂ ಮಿಕ್ಕಿ ಹೆಡಿಗೆ. ಮೊದಲ ಹೆಡಿಗೆಗೆ ಒಂದು ಹೆಜ್ಜೆ, ಕೊನೆಯದಕ್ಕೆ ನೂರಡಿ. ಸರಾಸರಿ ಐವತ್ತಡಿ ಎಂದರೂ ಹೋಗಿಬರಲು ನೂರಡಿ. ಕೂಡಿಸಿದರೆ 74 ಕಿಲೋಮೀಟರ್. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್ ಅಷ್ಟೆ. ಅದಕ್ಕಿಂತ ಒಂದೂವರೆ ಪಾಲು ದೂರವನ್ನು ಗುಡ್ಡದ ಹೊಟ್ಟೆಯೊಳಗೆ, ಮಿಣುಕು ಬೆಳಕಲ್ಲಿ, ಅರ್ಧ ದಾರಿ ಹೊರೆಯೊಂದಿಗೆ ನಡೆದಂತೆ. ನೀರು ಸಿಕ್ಕೇ ಸಿಗುತ್ತದೆಂಬ ಖಾತರಿಯೂ ಇಲ್ಲ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಹಲವು ಸುರಂಗ ತೋಡಿ ಬರಿಗೈಯಾದ ಮೇಲೂ ಬಿಡದೆ ಕೊರೆದು ನೀರು ಕಂಡವರು; 2022ರಲ್ಲಿ ಪದ್ಮಶ್ರೀ ಬಂತು. ಅವರ ಕೈಯಲ್ಲಿದ್ದದ್ದು ಪಿಕ್ಕಾಸು, ಕ್ಯಾಲ್ಕುಲೇಟರ್ ಅಲ್ಲ.

ನಮ್ಮ ಜಿಲ್ಲೆಯ ಬೇಕಲ ಕೋಟೆಯನ್ನೂ ಲೆಕ್ಕಕ್ಕೆ ಎಳೆದೆವು. ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಸುಮಾರು 40 ಎಕರೆ. ಅಷ್ಟೇ ಜಾಗವನ್ನು ಚೌಕವೆಂದು ಹಿಡಿದರೆ ಸುತ್ತಳತೆ 1,600 ಮೀಟರ್. ಒಂದೇ ಕಲ್ಲಿನ ದಪ್ಪಕ್ಕೆ ಒಂದೇ ಒಂದು ವರಸೆ ಸುತ್ತಿಸಲು 4,000 ಕಲ್ಲು, ನಮ್ಮಂಥ ಎರಡು ಮನೆ! ಬೇಕಲದ ಗೋಡೆಯ ದಪ್ಪ ನೋಡಿದವರು ಉಳಿದದ್ದನ್ನು ಗುಣಿಸಿಕೊಳ್ಳಲಿ.

ಇನ್ನು ರಾಷ್ಟ್ರೀಯ ಹೆದ್ದಾರಿ 66. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರನ್ನು ಆರು ಪಥ ಮಾಡುವ ಗುತ್ತಿಗೆ ಸಿಕ್ಕಿದ್ದು ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘಕ್ಕೆ; ಸಮಾಜ ಸುಧಾರಕ ವಾಗ್ಭಟಾನಂದರ ಅನುಯಾಯಿಗಳು 1925ರಲ್ಲಿ ಕಟ್ಟಿದ ಸಂಘ ಅದು. ಆರು ಪಥವೆಂದರೆ ಬರೇ ವಾಹನ ಓಡುವ ಭಾಗವೇ 21 ಮೀಟರ್ ಅಗಲ. ಅದರ ಮೇಲೆ ಯಾವುದೇ ಪದರ ಬರೇ ಒಂದು ಸೆಂಟಿಮೀಟರ್ ದಪ್ಪವಾಯಿತೆನ್ನಿ. ಒಂದು ಉಗುರಿನಗಲ. 39 ಕಿಲೋಮೀಟರಿಗೆ 8,190 ಘನಮೀಟರ್. ಹತ್ತು ಘನಮೀಟರಿನ ಟಿಪ್ಪರಿನಲ್ಲಿ 819 ಲೋಡು. ಲೆವೆಲ್ ಹಿಡಿದು ಬಿಸಿಲಲ್ಲಿ ಕಣ್ಣು ಕಿರಿದುಮಾಡಿ ನಿಂತ ಹುಡುಗರನ್ನು ಕಂಡು ಸುಮ್ಮನೆ ನಿಂತಿದ್ದಾರೆ ಅಂದುಕೊಂಡಿದ್ದೆ. ಅವರು ಕಾಯುತ್ತಿದ್ದುದು ಆ ಉಗುರಿನಗಲವನ್ನು. ಹೆದ್ದಾರಿಯ ಜಾಗ 45 ಮೀಟರ್ ಅಗಲ, ಒಟ್ಟು 430 ಎಕರೆ ದಾಟುತ್ತದೆ. ವರ್ಷಕ್ಕೆ ಮೂರೂವರೆ ಮೀಟರಿನ ಆಸುಪಾಸು ಮಳೆ ಹೊಡೆಯುವ ಊರಿನಲ್ಲಿ ಆ ಪಟ್ಟಿಯೊಂದರ ಮೇಲೇ ಬೀಳುವ ನೀರು 600 ಕೋಟಿ ಲೀಟರ್. ಚರಂಡಿ ಎಂಬ ಮಾತನ್ನು ಇನ್ನು ಹಗುರಾಗಿ ಆಡಲಾರೆ.

"ಇದೆಲ್ಲ ಗುಣಾಕಾರ ಚಿಕ್ಕಪ್ಪ, ಕಷ್ಟ ಇರುವುದು ಕ್ರಮದಲ್ಲಿ" ಅಂದಳು. ಹತ್ತೇ ಹತ್ತು ಕೆಲಸಗಳನ್ನು 36,28,800 ರೀತಿಯಲ್ಲಿ ಒಂದರ ಹಿಂದೊಂದು ಜೋಡಿಸಬಹುದು; ಸೆಕೆಂಡಿಗೆ ಒಂದರಂತೆ ಹಗಲಿರುಳು ನೋಡಿದರೆ ಸರಿಯಾಗಿ 42 ದಿನ. ಲಿಂಟಲ್‌ಗೆ ಮೊದಲು ತಾರಸಿ ಬಾರದು ಎನ್ನುತ್ತಾ ಆಗದವುಗಳನ್ನು ಕತ್ತರಿಸಿ, ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಮನೆ ಒಂದು ದಿನ ತಡವಾಗುತ್ತದೋ ಆ ಸರಣಿಯನ್ನು ಹಿಡಿಯುವ ವಿಧಾನವನ್ನು 1957ರ ಹೊತ್ತಿಗೆ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ರೂಪಿಸಿದರಂತೆ.

ಮೇಸ್ತ್ರಿ ಎಲೆಯಡಿಕೆ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡರು. ಅಡಿಪಾಯದ ಸುತ್ತ ಒಮ್ಮೆ ಹೆಜ್ಜೆ ಹಾಕಿ ಬಂದು, "ಎರಡು ಸಾವಿರ ಹೇಳು ಮಗಳೇ, ಒಡೆಯುವುದೂ ಇರುತ್ತದೆ" ಅಂದರು. ಗೋಡೆ ಮುಗಿದಾಗ ಉಳಿದದ್ದು ಏಳು ಕಲ್ಲು. ಮೂರು ಈಗ ಹಿತ್ತಿಲಲ್ಲಿ ನೀರು ಕಾಯಿಸುವ ಒಲೆಗೆ ಆಗಿವೆ.