ಮನೆಯ ಮಾತು, ಮದರಸೆಯ ಮಾತು

ಸುರಪುರ, ಶಹಾಪುರ, ಯಾದಗಿರಿಗಳ ಸೀಮೆಯಲ್ಲಿ ಶಾಲೆಗಳ ಚರಿತ್ರೆಯನ್ನು ಬರೆಯ ಹೊರಟವನು ಮೊದಲು ಭಾಷೆಯ ಚರಿತ್ರೆಯನ್ನು ಬರೆಯಬೇಕಾಗುತ್ತದೆ. 1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಹೊಲದಲ್ಲಿ, ಸಂತೆಯಲ್ಲಿ, ಒಲೆಯ ಮುಂದೆ ಜನರು ಆಡುತ್ತಿದ್ದುದು ಕನ್ನಡ. ಕಚೇರಿಯಲ್ಲಿ ನಡೆಯುತ್ತಿದ್ದುದು, 1880ರ ದಶಕದಲ್ಲಿ ಫಾರಸಿಯ ಸ್ಥಾನಕ್ಕೆ ಬಂದ ಉರ್ದು. ಶಾಲೆಯು ಕಚೇರಿಯ ಹಿಂದೆ ನಡೆಯಿತು. ಕೆಳಗಿನ ತರಗತಿಗಳಲ್ಲಿ ಮನೆಮಾತಿಗೆ ಅಷ್ಟಿಷ್ಟು ಎಡೆಯಿದ್ದರೂ, ಮೇಲಕ್ಕೆ ಏರಬಯಸಿದ ಹುಡುಗನಿಗೆ ಉರ್ದುವಲ್ಲದೆ ಅನ್ಯ ಮಾರ್ಗವಿರಲಿಲ್ಲ.

1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉಚ್ಚ ಶಿಕ್ಷಣವನ್ನೆಲ್ಲ ಉರ್ದುವಿನಲ್ಲಿ ಕೊಡಲು ಮುಂದಾದುದು ಸಾಮಾನ್ಯ ಸಾಹಸವಲ್ಲ. ಇಂಗ್ಲಿಷಿನ ಹಂಗು ತೊರೆದು ದೇಶಭಾಷೆಯೊಂದು ವಿಜ್ಞಾನವನ್ನು ಹೊರಬಲ್ಲುದೆಂದು ಅದು ತೋರಿಸಿತು. ಆದರೆ ಆ ದೇಶಭಾಷೆ ಯಾರದು? ಕನ್ನಡ, ತೆಲುಗು, ಮರಾಠಿಗಳನ್ನಾಡುವ ಮಕ್ಕಳಿಗೆ ಅದೂ ಕಲಿತೇ ಪಡೆಯಬೇಕಾದ ಭಾಷೆ. ಗುಲಬರ್ಗೆಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮದರ್ದ್ ಶಾಲೆ, ಇವುಗಳ ಹಿರಿಮೆ ತಿಳಿಯಬೇಕಾದರೆ ಈ ಹಿನ್ನೆಲೆ ಕಣ್ಣೆದುರಿಗಿರಬೇಕು. ಹಳ್ಳಿಗಳಲ್ಲಿ ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಓನಾಮವೇ ಕನ್ನಡದ ಆಸರೆಯಾಗಿತ್ತು.

ಮುದನಾಳದಂಥ ಊರುಗಳಲ್ಲಿ ನಾನು ಚಿಕ್ಕಂದಿನಲ್ಲಿ ಕಂಡ ಹಿರಿಯರು ಶಾಲೆಗೆ 'ಮದರಸೆ' ಎಂದೇ ಹೇಳುತ್ತಿದ್ದರು. ಕನ್ನಡದಲ್ಲಿ ಬೈದು, ಕನ್ನಡದಲ್ಲಿ ಹಾಡಿ, ಸಹಿಯನ್ನು ಮಾತ್ರ ಬಲದಿಂದ ಎಡಕ್ಕೆ ಮಾಡುತ್ತಿದ್ದರು! 1948ರ ತರುವಾಯ ಕನ್ನಡ ಶಾಲೆಗಳು ಹೆಚ್ಚಿದವು. ಉರ್ದುವಿನಲ್ಲಿ ಓದಿದ್ದ ಮಾಸ್ತರರು ಕನ್ನಡದಲ್ಲಿ ಪಾಠ ಹೇಳಬೇಕಾಯಿತು. ಅವರ ಪರಿಶ್ರಮವನ್ನು ಯಾರೂ ಬರೆದಿಟ್ಟಂತೆ ಕಾಣೆ. 1956ರ ಏಕೀಕರಣದ ಮೇಲೆ ಬಂದ ಪಠ್ಯಪುಸ್ತಕಗಳಲ್ಲಿ 'ಆಸ್ಪತ್ರೆ' ಇತ್ತು. ನಮ್ಮ ಬಾಯಲ್ಲಿ 'ದವಾಖಾನೆ'. ಮನೆಯ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ನಡುವೆ ಮತ್ತೊಂದು ಹೊಳೆ!

ತಡವಾಗಿ ಬಂದ ಶಾಲೆಯ ಫಲವೂ ತಡವಾಗಿಯೇ ಬಂದಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು, ರಾಜ್ಯದಲ್ಲಿಯೇ ಕನಿಷ್ಠ. ಹೆಂಗಸರಲ್ಲಿ ಶೇಕಡಾ 41. ಇದರ ಹೊಣೆಯನ್ನೆಲ್ಲ ನಿಜಾಮರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರ ಆಳ್ವಿಕೆ ಮುಗಿದು ಅಷ್ಟರಲ್ಲಿ ಅರುವತ್ತು ವರ್ಷಗಳಾಗಿದ್ದವು.

ಈಗಲೂ ಹಲವು ಮನೆಗಳ ಟ್ರಂಕಿನಲ್ಲಿ ಹೊಲದ ಹಳೆಯ ಕಾಗದಗಳಿವೆ, ಉರ್ದುವಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಮೊಮ್ಮಗ ಅವನ್ನು ಬಿಡಿಸಿ ನೋಡಿ, ಓದಬಲ್ಲ ಮುದುಕರೊಬ್ಬರು ಸಿಕ್ಕಾರೇ ಎಂದು ಊರೂರು ವಿಚಾರಿಸುತ್ತಾನೆ.