ಗಂಟಲಿನೊಳಗಿನ ಹಗೇವು

ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ ಕಡೆ ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ ನುಂಗಿ, ಅದರ ಬೆನ್ನಿಗೇ ಕಾಫಿಯನ್ನೋ ರಾಗಿ ಗಂಜಿಯನ್ನೋ ಕುಡಿಯುವವರಿದ್ದಾರೆ. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ, ಆದರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿಲ್ಲವಲ್ಲ ಎಂದು ಚಿಂತಿಸುತ್ತಾರೆ. ಕಾರಣ ತಿಳಿಯಲು ಥೈರಾಯ್ಡ್ ಗ್ರಂಥಿಯ ಕೆಲಸವನ್ನು ನೋಡಬೇಕು.

ಕತ್ತಿನ ಮುಂಭಾಗದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡಿರುವ ಥೈರಾಯ್ಡ್‌ನ ತೂಕ ಸುಮಾರು 20 ಗ್ರಾಂ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಬ ಪುಟ್ಟ ಪುಟ್ಟ ಕೋಶಿಕೆಗಳು. ಪ್ರತಿ ಕೋಶಿಕೆಗೂ ಒಂದೇ ಸಾಲಿನ ಜೀವಕೋಶಗಳ ಗೋಡೆ, ನಡುವೆ ಅಂಟಿನಂಥ ದ್ರವ. ಗೋಡೆಯ ಜೀವಕೋಶಗಳು ರಕ್ತದಿಂದ ಅಯೋಡೈಡನ್ನು ಹೆಕ್ಕಿಕೊಳ್ಳುತ್ತವೆ, ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನನ್ನು ದ್ರವಕ್ಕೆ ಬಿಡುತ್ತವೆ. ಪೆರಾಕ್ಸಿಡೇಸ್ ಎಂಬ ಕಿಣ್ವ ಆ ಪ್ರೋಟೀನಿನಲ್ಲಿರುವ ಟೈರೋಸಿನ್‌ಗೆ ಅಯೋಡಿನ್ ಜೋಡಿಸುತ್ತದೆ. 4 ಅಯೋಡಿನ್ ಪರಮಾಣುಗಳಿದ್ದರೆ ಟಿ4, 3 ಇದ್ದರೆ ಟಿ3. ಹೊರಬರುವುದು ಹೆಚ್ಚಾಗಿ ಟಿ4. ಯಕೃತ್ತು, ಮೂತ್ರಪಿಂಡಗಳಂಥ ಕಡೆ ಅದು ಒಂದು ಅಯೋಡಿನ್ ಕಳಚಿಕೊಂಡು ಚುರುಕಾದ ಟಿ3 ಆಗುತ್ತದೆ. ಮೈಯ ಶಾಖ, ಎದೆಬಡಿತ, ಮಕ್ಕಳ ಮಿದುಳಿನ ಬೆಳವಣಿಗೆ ಎಲ್ಲಕ್ಕೂ ಈ ಹಾರ್ಮೋನು ಬೇಕು.

ಹಿಂದೆ ಬಯಲುಸೀಮೆಯ ರೈತರು ನೆಲದಡಿಯ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದಂತೆ, ಥೈರಾಯ್ಡ್ ಕೂಡ 2-3 ತಿಂಗಳಿಗಾಗುವಷ್ಟು ಹಾರ್ಮೋನನ್ನು ಕೂಡಿಟ್ಟಿರುತ್ತದೆ. ರಕ್ತದಲ್ಲಿ ಅದು ಕಡಿಮೆಯಾದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸಿ ಥೈರಾಯ್ಡನ್ನು ಒತ್ತಾಯಿಸುತ್ತದೆ. ಅಯೋಡಿನ್ನೇ ಸಿಗದಿದ್ದರೆ ಥೈರಾಯ್ಡ್ ಊದಿಕೊಳ್ಳುತ್ತದೆ. ಅದೇ ಗಳಗಂಡ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ತಗ್ಗುತ್ತದೆಂದು 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಶುರುವಾದ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರ ಅಧ್ಯಯನ ತೋರಿಸಿಕೊಟ್ಟಿತು. ಅಡುಗೆಗೆ ಅಯೋಡಿನ್ ಇಲ್ಲದ ಉಪ್ಪು ಮಾರುವುದಕ್ಕೆ 2006ರಿಂದ ದೇಶದಲ್ಲಿ ನಿಷೇಧವಿದೆ.

ಉಪ್ಪು ಸರಿಯಿದ್ದರೂ ಕಾಯಿಲೆ ಬರಬಹುದು. ಹಶಿಮೊಟೊ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಗೆಡವುತ್ತದೆ. ಹಾರ್ಮೋನು ಕಡಿಮೆಯಾಗಿ ಸುಸ್ತು, ಮಲಬದ್ಧತೆ, ಮುಟ್ಟಿನ ಏರುಪೇರು ಕಾಣಿಸಿಕೊಳ್ಳುತ್ತವೆ, ತೂಕ ಏರುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ಇದಕ್ಕೆ ತದ್ವಿರುದ್ಧ: ಹಾರ್ಮೋನು ಮಿತಿಮೀರಿ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ತೂಕ ಇಳಿಯುತ್ತದೆ.

ಹಾರ್ಮೋನು ಕಡಿಮೆಯಿರುವವರು ನುಂಗುವ ಮಾತ್ರೆ ಅದೇ ಟಿ4. ಅದು ಕರುಳಿನಿಂದ ರಕ್ತಕ್ಕೆ ಸೇರಬೇಕು. ಕಾಫಿ, ಆಹಾರ, ಕ್ಯಾಲ್ಸಿಯಂ ಇದಕ್ಕೆ ಅಡ್ಡಿ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ರಾಗಿ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ಗಂಜಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಆರಾಮ ಎನಿಸಿತೆಂದು ನೀವೇ ಮಾತ್ರೆ ನಿಲ್ಲಿಸಬೇಡಿ.

ಮನೆಯಲ್ಲಿ ಮಗು ಹುಟ್ಟಿದರೆ ಹಿಮ್ಮಡಿಯ ಒಂದೆರಡು ಹನಿ ರಕ್ತದ ಟಿಎಸ್‌ಎಚ್ ಪರೀಕ್ಷೆಯನ್ನು ಕೇಳಿ ಮಾಡಿಸಿ. ಹಾರ್ಮೋನಿನ ಕೊರತೆಯಿದ್ದರೆ ಮೊದಲ ಎರಡು ವಾರದೊಳಗೆ ಔಷಧ ಶುರುವಾದಲ್ಲಿ ಮಗುವಿನ ಬುದ್ಧಿ ಮಂದವಾಗುವುದನ್ನು ತಪ್ಪಿಸಬಹುದು.