ಅಜ್ಜನ ಕಡೆಯೋ, ಅಜ್ಜಿಯ ಕಡೆಯೋ?

ಮನುಷ್ಯ ಮಂಗನಿಂದ ಬಂದನಂತೆ, ಹಾಗಾದರೆ ದೇವರು ಸುಳ್ಳೇ ಎಂದು ಹುಡುಗನೊಬ್ಬ ಇಲ್ಲಿಯೇ ಕೇಳಿದ. ‘ನಿಮ್ಮಜ್ಜ ಮಂಗನೇನೋ?’ ಎಂದು ಹಿರಿಯರೊಬ್ಬರು ನಕ್ಕರು. ಹುಡುಗ ತಲೆ ತಗ್ಗಿಸಿದ.

ಈ ನಗೆ ಹಳೆಯದು. ಡಾರ್ವಿನ್ನರ ಗ್ರಂಥ 1859ರಲ್ಲಿ ಹೊರಬಂತು. 1860ರ ಜೂನ್ 30ರಂದು ಆಕ್ಸ್‌ಫರ್ಡಿನಲ್ಲಿ ಸಭೆ ಸೇರಿತು. ಡಾರ್ವಿನ್ನರಿಗೆ ಕಾಯಿಲೆ, ಅವರ ಪರ ಹಕ್ಸ್‌ಲಿಯವರು ಇದ್ದರು. ನಿಮಗೆ ಮಂಗನ ಸಂಬಂಧ ಅಜ್ಜನ ಕಡೆಯದೋ ಅಜ್ಜಿಯ ಕಡೆಯದೋ ಎಂದು ಬಿಷಪ್ ವಿಲ್ಬರ್‌ಫೋರ್ಸರು ಕೇಳಿದರಂತೆ. ಅಂತೆ ಎನ್ನುತ್ತೇವೆ, ಏಕೆಂದರೆ ಅಂದಿನ ಮಾತುಗಳನ್ನು ಯಾರೂ ಇದ್ದಂತೆ ಬರೆದಿಡಲಿಲ್ಲ. ಬಿಷಪ್ಪರು ದಡ್ಡರಲ್ಲ, ಅವರು ಬರೆದ ವಿಮರ್ಶೆ ಬಹಳ ಜಾಣತನದ್ದೆಂದು ಡಾರ್ವಿನ್ನರೇ ಒಪ್ಪಿದ್ದರು. ಆದರೂ ಸಭೆಯಲ್ಲಿ ವಿಷಯ ಬಿಟ್ಟು ಕುಲ ಕೇಳಿದರು. ಕುಲ ಕೇಳಿದರೆ ಉತ್ತರವಾಯಿತೇ?

ಡಾರ್ವಿನ್ನರು ಹೇಳಿದ್ದೇ ಬೇರೆ. ಇಂದಿನ ಮಂಗ ನಮ್ಮ ಅಜ್ಜನಲ್ಲ, ದಾಯಾದಿ. ಕೋಟ್ಯಂತರ ವರ್ಷಗಳ ಹಿಂದೆ ಇಬ್ಬರಿಗೂ ಮೂಲ ಒಂದೇ ಇತ್ತು. ಮರಿಮರಿಗೂ ಸಣ್ಣ ಭೇದವಿರುತ್ತದೆ. ಇದ್ದ ಸ್ಥಳಕ್ಕೆ ಒಗ್ಗಿದ್ದು ಉಳಿದು ಸಂತಾನ ಬೆಳೆಸುತ್ತದೆ.

ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಹೋಗಿದ್ದವರು ಇದೇ ಡಾರ್ವಿನ್ನರು. ಕಡೆಗಾಲದಲ್ಲಿ ದೇವರ ವಿಷಯ ತನಗೆ ತಿಳಿಯದೆಂದರು, ಇಲ್ಲವೆಂದು ಹೇಳಲಿಲ್ಲ. ದೇವರನ್ನು ಗಾಢವಾಗಿ ನಂಬಿದವನೂ ವಿಕಾಸವಾದವನ್ನು ಒಪ್ಪಬಹುದು, ಇದರಲ್ಲಿ ಸಂಶಯವೇಕೆ ಎಂದು 1879ರಲ್ಲಿ ಒಬ್ಬರಿಗೆ ಪತ್ರ ಬರೆದರು. ಆ ಹುಡುಗನಿಗೆ ನಾವು ಹೇಳಿದ್ದೂ ಈ ಪತ್ರದ ಸಂಗತಿಯನ್ನೇ.